ಅಪ್ಪನ ಕೆಂಪಿಗಾಗಿ ಒಂದು ಲೇಸರ್ ಟೀವಿ

ಒಂದು ಕಾಲವಿತ್ತು. ಟೀವಿಗಳಿಗೆ ಇನ್ನೂ ದೊಡ್ಡ ಬೆನ್ನಿದ್ದ ಕಾಲ. ಆಗ ಒಂದೂರಲ್ಲಿ ಒಬ್ಬ ಬಣ್ಣಗಾರನಿದ್ದ. ಬಟ್ಟೆಗೆ ಬಣ್ಣ ಹಾಕುವುದು ಅವನ ಕಸುಬು. ಅವನ ಹಂಡೆಗೆ ಬಿಳಿಯಾಗಿ ಇಳಿದ ಬಟ್ಟೆ ಕೇಳಿದ ಬಣ್ಣವಾಗಿ ಮೇಲೆ ಬರುತ್ತಿತ್ತು. ನೀಲಿ ಹಾಕುವವರು ಊರಲ್ಲಿ ಬೇರೆಯವರೂ ಇದ್ದರು, ಹಸಿರು ಹಾಕುವವರೂ ಇದ್ದರು. ಕೆಂಪು ಎಂದರೆ ಮಾತ್ರ ಎಲ್ಲರೂ ಅವನ ಮನೆಯ ದಾರಿ ತೋರಿಸುತ್ತಿದ್ದರು. ಒಂದು ಸಲ ಊರಿನ ರಂಗಮಂದಿರಕ್ಕೆ ಹೊಸ ಪರದೆ ಬೇಕಾಯಿತು. ಬಣ್ಣಗಾರ ವಾರಗಟ್ಟಲೆ ಅದ್ದಿದ, ಹಿಂಡಿದ, ಒಣಹಾಕಿದ, ಮತ್ತೆ ಅದ್ದಿದ. ಪರದೆ ಎದ್ದ ದಿನ ಟೀವಿಯವರು ಬಂದು ಚಿತ್ರ ಹಿಡಿದುಕೊಂಡು ಹೋದರು.

ಸಂಜೆ ಬೀದಿಗೆ ಬೀದಿಯೇ ಹೊಸ ಬಣ್ಣದ ಟೀವಿ ಇದ್ದ ಮನೆಯಲ್ಲಿ ಸೇರಿತು. ಬಣ್ಣಗಾರನಿಗೆ ಎಲ್ಲರಿಗಿಂತ ಮುಂದೆ ಕುರ್ಚಿ. ಪೆಟ್ಟಿಗೆಯೊಳಗೆ ರಂಗಮಂದಿರ ಬಂತು, ದೀಪ ಬಂತು, ಪರದೆಯೂ ಬಂತು. ತೊಳೆದ ಇಟ್ಟಿಗೆಯ ಬಣ್ಣದಲ್ಲಿ ಬಂತು. "ಇದೇನಾ ನಿನ್ನ ಕೆಂಪು?" ಎಂದು ಹಿಂದಿನಿಂದ ಯಾರೋ ಕೇಳಿದರು. ನಗು ಎದ್ದಿತು. ಬಣ್ಣಗಾರ ಎದ್ದು ಹೊರಟ. ಅವನ ಪುಟ್ಟ ಮಗಳು ಬರಿಗಾಲಲ್ಲಿ ಹಿಂದೆಯೇ ಓಡಿದಳು. "ಅಪ್ಪಾ, ನಾನು ದೊಡ್ಡವಳಾದ್ಮೇಲೆ ನಿನ್ನ ಕೆಂಪನ್ನೇ ಟೀವೀಲಿ ತೋರಿಸ್ತೀನಿ." ಬಣ್ಣಗಾರ ನಿಂತು ತಿರುಗಿ ನೋಡಿದ. "ತೋರಿಸುವೆಯಂತೆ. ಮೊದ್ಲು ಹೋಗಿ ಚಪ್ಪಲಿ ಹಾಕ್ಕೊಂಡ್ಬಾ."

ಅಜ್ಜಿಯರು ಹೇಳುವ ಕತೆಯಾಗಿದ್ದರೆ ಮಗಳು ಏಳು ಸಮುದ್ರ ದಾಟಿ, ರಾಕ್ಷಸನ ಕೋಟೆಯಿಂದ ಕೆಂಪನ್ನು ಕದ್ದು ತರುವಷ್ಟರಲ್ಲಿ ಕೇಳುವ ಮಕ್ಕಳಿಗೆ ನಿದ್ದೆ ಬಂದಿರುತ್ತಿತ್ತು. ಈ ಕತೆಯ ಮಗಳಿಗೆ ಈಗ ಐವತ್ತು ದಾಟಿದೆ. ಮಂಡಿ ನೋವಿದೆ, ಬಸ್ ಪಾಸ್ ಇದೆ. ಸಮುದ್ರದ ಬದಲು ದಿನಾ ಎರಡು ಬಸ್ಸು ದಾಟುತ್ತಾರೆ.

ಬೆಳಗಿನ ಜಾವ. ಬೀದಿದೀಪಗಳು ಇನ್ನೂ ಆರಿಲ್ಲ. ಕಾರ್ಖಾನೆಯ ಹಿಂದಿನ ಬಾಗಿಲಿನ ಕಾವಲುಗಾರ ಅವರ ಮುಖ ನೋಡದೆಯೇ, ಹೆಜ್ಜೆ ಸದ್ದಿನಲ್ಲೇ ಗುರುತು ಹಿಡಿದು ಚಿಲಕ ತೆಗೆಯುತ್ತಾನೆ. ಉದ್ದನೆಯ ಓಣಿ, ನೆಲ ಒರೆಸಿದ ವಾಸನೆ, ಕೊನೆಯಲ್ಲೊಂದು ಕೋಣೆ. ಗೋಡೆ, ಚಾವಣಿ, ಮೇಜು ಎಲ್ಲಕ್ಕೂ ಕಪ್ಪು ಬಣ್ಣ. ಒಳಗೆ ಹೋಗುವ ಮುನ್ನ ಅವರು ಉಂಗುರ, ಕೈಗಡಿಯಾರ ಬಿಚ್ಚಿ ಡಬ್ಬಿಯಲ್ಲಿ ಹಾಕುತ್ತಾರೆ. ಹೊಳೆಯುವ ವಸ್ತುವಿಗೆ ಲೇಸರ್ ಕಿರಣ ತಾಗಿ ಚಿಮ್ಮಿದರೆ ಕಣ್ಣಿಗೆ ಅಪಾಯ. ತಲೆಗೆ ಟೋಪಿ, ಮೈಗೆ ನೀಲಿ ಕೋಟು, ಕಣ್ಣಿಗೆ ದಪ್ಪ ಕನ್ನಡಕ ಏರುತ್ತವೆ.

ಮೇಜಿನ ಮೇಲೆ ಪ್ರಯಾಣದ ಪೆಟ್ಟಿಗೆಯಷ್ಟು ದೊಡ್ಡ ಅಲ್ಯೂಮಿನಿಯಂ ಡಬ್ಬ ಮುಚ್ಚಳ ತೆರೆದು ಕೂತಿದೆ. ಅದರೊಳಗೆ ಮೂರು ಮೂಲೆಯಿಂದ ಮೂರು ಬೆಳಕು ಹೊರಡುತ್ತವೆ: ಕೆಂಪು, ಹಸಿರು, ನೀಲಿ. ಉಗುರಿನಷ್ಟಗಲದ ಕನ್ನಡಿಗಳಿಗೆ ಬಡಿದು, ತಿರುಗಿ, ಮೂರೂ ಒಂದೇ ಗೆರೆಯಾಗಬೇಕು. ಹಲ್ಲುಕಡ್ಡಿಯಂಥ ಕೀಲಿ ಹಿಡಿದು ಅವರು ಒಂದು ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ, ಉಸಿರು ಬಿಗಿಹಿಡಿದು ಕಾಯುತ್ತಾರೆ, ಇನ್ನೊಂದು ಎಳೆ ತಿರುಗಿಸುತ್ತಾರೆ. ಎದುರು ಗೋಡೆಯ ಪರದೆಯ ಮೇಲೆ ಪಕ್ಕಪಕ್ಕ ಇದ್ದ ಮೂರು ಚುಕ್ಕೆ ಸರಿದು ಸರಿದು ಒಂದರ ಮೇಲೊಂದು ಕೂರುತ್ತವೆ. ಬಣ್ಣಗಳೆಲ್ಲ ಮಾಯವಾಗಿ ಹಾಲಿನಂಥ ಬಿಳಿ.

"ಈಗ ಕೂಡ್ತು ನೋಡಿ," ಎಂದು ಉಸಿರು ಬಿಡುತ್ತಾರೆ.

ಕಾರ್ಖಾನೆಯಲ್ಲಿ ಇವರನ್ನು ಎಲ್ಲರೂ ಕರೆಯುವುದು ಬಣ್ಣದಕ್ಕ ಎಂದು. ಲೇಸರ್ ಬೆಳಕಿನಿಂದ ಚಿತ್ರ ಮೂಡಿಸುವ ಟೀವಿಯ ಬೆಳಕನ್ನು ಕೂಡಿಸುವುದು ಇವರ ಕೆಲಸ. ಬೆಳಗಿನ ಜಾವವೇ ಯಾಕೆ ಎಂದರೆ ಮನೆಯ ಮಕ್ಕಳ ಬಗ್ಗೆ ಹೇಳುವಂತೆ ಹೇಳುತ್ತಾರೆ. "ನೀಲಿ ಹೇಳಿದ ಮಾತು ಕೇಳುತ್ತೆ. ಹಸಿರು ಹಠಮಾರಿ, ಆದ್ರೂ ಪೂಸಿ ಹೊಡೆದ್ರೆ ದಾರಿಗೆ ಬರುತ್ತೆ. ಕೆಂಪು ಮಾತ್ರ ತವರಿಗೆ ಬಂದ ಮಗಳ ಥರ. ಒಂಚೂರು ಬಿಸಿ ತಾಗಿದ್ರೂ ಮುಖ ಬಾಡಿಸ್ಕೊಳ್ಳುತ್ತೆ. ಕಟ್ಟಡ ಕಾಯೋಕೆ ಮೊದ್ಲೇ ಅದನ್ನ ಮಾತಾಡಿಸಿ ಮುಗಿಸ್ಬೇಕು." ಬಿಸಿಲೇರಿದರೆ ಹಿಂದಿನ ಬೀದಿಯಲ್ಲಿ ಲಾರಿಗಳೂ ಶುರುವಾಗುತ್ತವೆ. ನೆಲ ನಡುಗಿದರೆ ಕೂಡಿಸಿದ ಬೆಳಕು ಮತ್ತೆ ಮೂರು ಪಾಲು.

ಮೇಜಿನ ಅಂಚಿನಲ್ಲಿ ಅಂಗೈ ಅಗಲದ ಕೆಂಪು ಬಟ್ಟೆಯ ತುಂಡೊಂದಿದೆ. ರಂಗಮಂದಿರದ ಆ ಪರದೆ ಹರಿದು ಹಳತಾಗಿ ಕೆಳಗಿಳಿದಾಗ ಅಪ್ಪ ತಂದಿಟ್ಟುಕೊಂಡಿದ್ದ ಚೂರು. ಪುಟ್ಟ ದೀಪದಡಿ ಅದನ್ನು ಹಿಡಿದು, ಎದುರು ಗೋಡೆಯ ಪರದೆಯ ಮೇಲಿನ ಕೆಂಪನ್ನು ನೋಡುತ್ತಾರೆ. ಮತ್ತೆ ತುಂಡನ್ನು, ಮತ್ತೆ ಪರದೆಯನ್ನು. ದಿನದ ಕೆಲಸಕ್ಕೆ ಇದು ಬೇಕಿಲ್ಲ. ಅಳೆಯುವ ಯಂತ್ರ ಪಕ್ಕದಲ್ಲೇ ಇದೆ. "ಯಂತ್ರ ಕಂಪನಿಗೆ. ಈ ಚೂರು ನಮ್ಮಪ್ಪನಿಗೆ," ಎನ್ನುತ್ತಾರೆ.

ಶಾಲೆ ಮುಗಿದ ವರ್ಷವೇ ಅವರು ಈ ಕಾರ್ಖಾನೆಗೆ ಸೇರಿದರು. ಆಗ ಇಲ್ಲಿ ಬೆನ್ನಿದ್ದ ಟೀವಿಗಳು ತಯಾರಾಗುತ್ತಿದ್ದವು. ಸಾಲಾಗಿ ಬರುವ ಟೀವಿಗಳ ಬಣ್ಣ ಹೊಂದಿಸುವ ಮೇಜಿಗೆ ಕೂರಿಸಿದರು. ಎಷ್ಟು ತಿರುಪು ತಿರುಗಿಸಿದರೂ ಕೆಂಪಿನೊಳಗೆ ಹಳದಿಯ ಒಂದು ನೆರಳು ಉಳಿದೇ ಉಳಿಯುತ್ತಿತ್ತು. ಮನೆಗೆ ಹೋದರೆ ಅಪ್ಪನ ಪ್ರಶ್ನೆ: "ಇಟ್ಟಿಗೆ ಗೂಡು ಹೇಗೆ ನಡೀತಿದೆ?" ಆಮೇಲೆ ತೆಳ್ಳನೆಯ ಟೀವಿಗಳು ಬಂದವು, ಹಳೆಯ ಸಾಲು ನಿಂತಿತು, ಜೊತೆಯವರು ಚದುರಿದರು. ಅಷ್ಟರಲ್ಲಿ ಲೇಸರ್ ಕೋಣೆ ತೆರೆಯಿತು. ಲೇಸರಿನ ಕೆಂಪು ಬರೀ ಕೆಂಪು, ಅದರಲ್ಲಿ ಇನ್ಯಾವ ಬಣ್ಣದ ಬೆರಕೆಯೂ ಇಲ್ಲ ಎಂದು ಯಾರೋ ಊಟದ ಹೊತ್ತಿನಲ್ಲಿ ಹೇಳಿದ್ದು ಕಿವಿಗೆ ಬಿತ್ತು. "ಕೈ ತೊಳೆಯೋಕೂ ಹೋಗ್ಲಿಲ್ಲ. ಎಂಜಲು ಕೈಯಲ್ಲೇ ಹೋಗಿ ನನ್ನೂ ಸೇರಿಸ್ಕೊಳ್ಳಿ ಅಂದೆ."

ಸೇರಿಸಿಕೊಂಡವರು ಆ ಕೋಣೆಯ ಇಂಜಿನಿಯರ್. ಈಗ ಕೂದಲು ಪೂರ್ತಿ ನರೆತಿದೆ. ಬೆನ್ನ ಹಿಂದೆ ಅವರಿಗೆ 'ಮುಂದಿನ್ವರ್ಷದ ಸಾಹೇಬ್ರು' ಎಂದು ಹೆಸರು. ಹೆಸರು ಅವರಿಗೂ ಗೊತ್ತು, ಬೇಸರವಿಲ್ಲ. "ಮುಂದಿನ ವರ್ಷ ಮನೆಮನೆಗೂ ಲೇಸರ್ ಟೀವಿ ಅಂತ ನಾನೇ ಎಲ್ಲರಿಗೂ ಹೇಳ್ತಿದ್ದೆ. ಸುಳ್ಳು ಹೇಳ್ಬೇಕು ಅಂತ ಹೇಳಿದ್ದಲ್ಲ. ಪ್ರತಿ ವರ್ಷವೂ ನಿಜ ಅನ್ನಿಸೋದು."

ಅನ್ನಿಸುವುದಕ್ಕೆ ಕಾರಣವೂ ಇತ್ತು. ಲೇಸರ್ ಟೀವಿಗೆ ಗೋಡೆಯಗಲದ ಗಾಜು ಬೇಡ. ಗೋಡೆಯ ಬುಡದಲ್ಲಿ ಡಬ್ಬ ಇಟ್ಟರೆ ಅದು ಅಲ್ಲಿಂದಲೇ ಮೇಲಕ್ಕೆ ಚಿತ್ರ ಎರಚುತ್ತದೆ. ಬೇಡವಾದಾಗ ಪರದೆಯನ್ನು ಚಾಪೆಯಂತೆ ಸುತ್ತಿಡಬಹುದು. ಚಿತ್ರ ದೊಡ್ಡದಾದಷ್ಟೂ ಬೇರೆ ಟೀವಿಗಳಿಗೆ ಕಷ್ಟ, ಇದಕ್ಕೆ ಸಲೀಸು. ಬೆಳಕಿನ ಆಯುಸ್ಸೂ ದೀರ್ಘ. ಎಲ್ಲಕ್ಕಿಂತ ಮಿಗಿಲಾಗಿ ಬಣ್ಣ. ಹಳೆಯ ಟೀವಿಗಳು ಎಂದೂ ತೋರಿಸಲಾಗದ ಕೆಂಪು, ಎಳೆ ಚಿಗುರಿನ ಹಸಿರು, ಎಲ್ಲವೂ ಈ ಡಬ್ಬದೊಳಗಿವೆ.

ಅಡ್ಡಿಗಳೂ ಒಳಗೇ ಇದ್ದವು. ಮೊದಲ ಕೆಲವು ವರ್ಷ ಹಸಿರು ಲೇಸರ್ ಕೈಕೊಟ್ಟಿತು. ಚಳಿಯಾದರೆ ಒಂದು ರೀತಿ, ಸೆಕೆಯಾದರೆ ಇನ್ನೊಂದು ರೀತಿ. ಅದು ದಾರಿಗೆ ಬಂತು ಎನ್ನುವಾಗ ಬೆಲೆ ಇಳಿಯಲಿಲ್ಲ. ಇತ್ತ ಮಾಮೂಲಿ ಟೀವಿಗಳು ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತ, ಅಗ್ಗವಾಗುತ್ತ ಹೋದವು. ಅವುಗಳ ಕೆಂಪೂ ಸುಧಾರಿಸಿತು, ಪೂರ್ತಿ ಅಲ್ಲ, ಜನಕ್ಕೆ ಸಾಕಾಗುವಷ್ಟು.

ಜನಕ್ಕೆ ಎಷ್ಟು ಸಾಕು ಎನ್ನುವುದನ್ನು ಬಣ್ಣದಕ್ಕನಿಗೆ ಮನೆಯಲ್ಲೇ ಹೇಳುವವರಿದ್ದಾರೆ. ಅವರ ತಮ್ಮನದು ಮುಖ್ಯ ಬೀದಿಯಲ್ಲಿ ಟೀವಿ ಅಂಗಡಿ. ಗೋಡೆ ತುಂಬಾ ಒಂದೇ ಚಿತ್ರ ತೋರಿಸುವ ಸಾಲು ಟೀವಿಗಳ ಮುಂದೆ ನಿಂತು ಆತ ಅಕ್ಕನನ್ನು ಕಾಡಿಸುತ್ತಾನೆ.

"ಅಕ್ಕ, ಗಿರಾಕಿ ಬಂದ್ರೆ ಏನ್ ಕೇಳ್ತಾರೆ ಹೇಳು? ಎಷ್ಟು ತೆಳ್ಳಗಿದೆ ಅಂತಾರೆ. ಎಷ್ಟು ಅಗಲ ಇದೆ ಅಂತಾರೆ. ಕೆಂಪು ಕೆಂಪಗಿದೆಯಾ ಅಂತ ಇವತ್ತಿನವರೆಗೂ ಒಂದು ನರಪಿಳ್ಳೆ ಕೇಳಿಲ್ಲ."

"ತೋರಿಸಿದ್ರೆ ತಾನೇ ಕೇಳೋದು?"

"ನೀನು ತೋರಿಸೋ ಹೊತ್ತಿಗೆ ಕೇಳೋರು ಮುದುಕರಾಗಿರ್ತಾರೆ ಬಿಡು."

ತಮಾಷೆಗೆ ಆಡಿದ ಮಾತು. ಆಡಿದ ಮೇಲೆ ಆತ ನಾಲಿಗೆ ಕಚ್ಚಿಕೊಳ್ಳುತ್ತಾನೆ. ಅಕ್ಕ ತಮ್ಮ ಇಬ್ಬರಿಗೂ ಮನೆಯ ಕಿಟಕಿಯ ಪಕ್ಕ ಕೂತಿರುವ ಒಬ್ಬರು ನೆನಪಾಗುತ್ತಾರೆ.

ಅವರ ಬಗ್ಗೆ ಹೇಳುವ ಮುನ್ನ ಮರಳಿನ ಬಗ್ಗೆ ಹೇಳಬೇಕು. ಲೇಸರ್ ಬೆಳಕು ಪರದೆಗೆ ಬಿದ್ದರೆ ಚಿತ್ರದ ಮೇಲೆಲ್ಲ ಸಣ್ಣ ಸಣ್ಣ ಮಿನುಗು ಕಾಳುಗಳು ಏಳುತ್ತವೆ. ಯಾರೋ ಹಿಡಿ ತುಂಬ ಹೊಳೆಯುವ ಮರಳು ಎರಚಿದಂತೆ. ತಲೆ ಅಲ್ಲಾಡಿಸಿದರೆ ಕಾಳುಗಳೂ ಓಡಾಡುತ್ತವೆ. ಕೋಣೆಯವರು ಇದನ್ನು ಕರೆಯುವುದೇ ಮರಳು ಎಂದು. ಲೇಸರ್ ಟೀವಿಯ ದೊಡ್ಡ ದೋಷ ಇದೇ. ಇದನ್ನು ಹೋಗಲಾಡಿಸಲು ಬೆಳಕಿನ ದಾರಿಯಲ್ಲಿ ಒಂದು ಮಸುಕು ಗಾಜಿನ ಬಿಲ್ಲೆ ಇಟ್ಟು, ಅದನ್ನು ಕಣ್ಣಿಗೆ ಕಾಣದಷ್ಟು ವೇಗವಾಗಿ ನಡುಗಿಸುತ್ತಾರೆ. ಬಿಲ್ಲೆ ನಡುಗಿದರೆ ಮರಳು ಒಂದರೊಳಗೊಂದು ಕರಗಿ ಚಿತ್ರ ನುಣುಪಾಗುತ್ತದೆ. ಆ ಬಿಲ್ಲೆಗೆ ಬಣ್ಣದಕ್ಕ ಇಟ್ಟ ಹೆಸರು ಜರಡಿ.

ಮರಳು ಹೋಯಿತೋ ಇಲ್ಲವೋ ತಿಳಿಯಲು ತಲೆಯನ್ನು ಅತ್ತಿತ್ತ ಆಡಿಸಿ ನೋಡಬೇಕು. ವರ್ಷಗಟ್ಟಲೆ ಇದೇ ಮಾಡಿ ಬಣ್ಣದಕ್ಕನಿಗೆ ಹೊಳೆಯುವ ಯಾವುದನ್ನು ಕಂಡರೂ ತಲೆ ತಂತಾನೇ ಅಲ್ಲಾಡುತ್ತದೆ. ಬಸ್ಸಿನ ದೀಪದ ಬೋರ್ಡಿಗೂ ಬೇಡ ಬೇಡ, ಅಂಗಡಿಯ ಕಿಟಕಿಗೂ ಬೇಡ ಬೇಡ. ಅಪ್ಪನನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ದಾಗ ಬೆಳಗುವ ಅಕ್ಷರದ ಹಲಗೆ ಕಂಡದ್ದೇ ತಡ, ಅಪ್ಪನ ಹಿಂದೆ ನಿಂತು ಇವರ ತಲೆ ಶುರುವಾಯಿತು. "ಏನಮ್ಮಾ, ನಿಮಗೂ ಕಾಣಿಸ್ತಿಲ್ವಾ?" ಎಂದು ಡಾಕ್ಟರ್ ಗಾಬರಿಯಾದರಂತೆ. ಇದನ್ನು ಹೇಳಿ ಬಣ್ಣದಕ್ಕ ನಗುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ.

ಅವತ್ತು ಡಾಕ್ಟರ್ ಹೇಳಿದ್ದು ನಗುವಂಥದ್ದಲ್ಲ. ಕಣ್ಣಿನ ಮುಂಭಾಗದ ಗಾಜಿನಂಥ ಪದರ ಸೊಟ್ಟವಾಗುತ್ತ ಹೋಗಿದೆ. ಯಾವ ಕನ್ನಡಕವೂ ಹೊಂದುವುದಿಲ್ಲ. ಈ ವಯಸ್ಸಿಗೆ ಶಸ್ತ್ರಚಿಕಿತ್ಸೆಯಿಂದ ಸಿಗುವುದಕ್ಕಿಂತ ತೊಂದರೆಯೇ ಹೆಚ್ಚು. ಈಗ ಅಪ್ಪನಿಗೆ ಬೆಳಕು ಗೊತ್ತಾಗುತ್ತದೆ, ಬಣ್ಣದ ಸುಳಿವು ಸಿಗುತ್ತದೆ, ಆಕಾರ ಮಾತ್ರ ಯಾವುದೂ ನಿಲ್ಲುವುದಿಲ್ಲ. ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೂತು ಅವರೇ ಹೇಳುತ್ತಾರೆ: "ಒದ್ದೆ ಬಟ್ಟೆ ಮೇಲೆ ಬಣ್ಣದ ಹನಿ ಬಿದ್ರೆ ಹರಡ್ಕೊಂಡು ಹೋಗುತ್ತಲ್ಲ, ಲೋಕವೇ ಹಾಗಾಗಿದೆ. ನೀನು ಒಂದು ಕಲೆ, ಅವನು ಒಂದು ಕಲೆ. ಮಾತಾಡಿದ್ರೆ ಯಾವ ಕಲೆ ಅಂತ ಗೊತ್ತಾಗುತ್ತೆ."

ಒಂದು ಭಾನುವಾರ ಬಣ್ಣದಕ್ಕನ ಮನಸ್ಸಿನಿಂದ ಹೋಗಿಯೇ ಇಲ್ಲ. ಆರೇಳು ವರ್ಷದ ಹಿಂದಿನ ಮಾತು. ಹಸಿರು ಹಠ ಬಿಟ್ಟು, ಮೊದಲ ಸಲ ಪೂರ್ತಿ ಚಿತ್ರ ನಿಂತಿತ್ತು. ಹೊರಗಿನವರಿಗೆ ಕೋಣೆಯೊಳಗೆ ಪ್ರವೇಶವಿಲ್ಲ. ಆದರೂ ಇಂಜಿನಿಯರ್ ಕರೆದು, "ಭಾನುವಾರ ಇಲ್ಲಿ ಯಾರೂ ಇರಲ್ಲ, ನಿಮ್ಮಪ್ಪನ್ನ ಕರ್ಕೊಂಡ್ಬನ್ನಿ," ಎಂದಿದ್ದರು. ಆಗ ಅಪ್ಪನ ಕಣ್ಣು ಸೂಜಿಗೆ ದಾರ ಪೋಣಿಸುವಷ್ಟು ಚುರುಕು. ಬಣ್ಣದಕ್ಕನೇ ಬೇಡವೆಂದರು.

"ಇನ್ನೂ ಮರಳಿತ್ತು. ನಮ್ಮಪ್ಪ ಒಂದು ಚುಕ್ಕೆ ಕಂಡ್ರೆ ಇಡೀ ಬಟ್ಟೇನೇ ಮತ್ತೆ ಹಂಡೆಗೆ ಹಾಕೋರು. ಅಂಥವರ ಮುಂದೆ ಅರ್ಧಂಬರ್ಧ ತೋರಿಸೋದಾ ಅನ್ನಿಸ್ತು. ಮರಳು ಹೋಗ್ಲಿ ಸಾಹೇಬ್ರೇ, ಮುಂದಿನ ವರ್ಷ ಕರ್ಕೊಂಡ್ಬರ್ತೀನಿ ಅಂದೆ." ಅವರು ಕೈಯಲ್ಲಿದ್ದ ಕೀಲಿಯನ್ನು ಮೇಜಿನ ಮೇಲಿಡುತ್ತಾರೆ. "ಎಲ್ರೂ ಸಾಹೇಬ್ರನ್ನ ಆಡ್ಕೋತಾರೆ. ಅವತ್ತು ಮುಂದಿನ ವರ್ಷ ಅಂದಿದ್ದು ನಾನು."

ಮರಳು ಹೋಗಲು ವರ್ಷಗಳೇ ಹಿಡಿದವು. ಜರಡಿ ಒಮ್ಮೆ ಸದ್ದು ಮಾಡಿತು, ಒಮ್ಮೆ ಬಿರುಕು ಬಿಟ್ಟಿತು, ಒಮ್ಮೆ ಬೆಳಕನ್ನೇ ನುಂಗಿತು. ಎರಡು ವರ್ಷದ ಕೆಳಗೆ ಒಂದು ಬೆಳಗ್ಗೆ ಎಷ್ಟು ತಲೆ ಆಡಿಸಿದರೂ ಒಂದು ಕಾಳೂ ಕಾಣಲಿಲ್ಲ. ಬಣ್ಣದಕ್ಕ ಮನೆಗೆ ಓಡಿದರು. ಆ ಹೊತ್ತಿಗೆ ಅಪ್ಪ ಬಾಗಿಲ ಚಿಲಕವನ್ನು ಕೈಯಿಂದ ತಡವಿ ಹುಡುಕುತ್ತಿದ್ದರು. ಬಣ್ಣದಕ್ಕ ಒಳಗೆ ಹೋಗಿ ನೀರು ಕುಡಿದು ಬಂದರಂತೆ.

ಈ ತಿಂಗಳ ಕೊನೆಗೆ ಲೇಸರ್ ಕೋಣೆಗೆ ಬೀಗ ಬೀಳುತ್ತದೆ. ಕಂಪನಿಗೆ ಇನ್ನು ಕಾಯುವ ತಾಳ್ಮೆ ಇಲ್ಲ. ಇಲ್ಲಿನ ಯಂತ್ರಗಳನ್ನೂ ಮಾದರಿ ಟೀವಿಗಳನ್ನೂ ದೂರದ ಬೇರೊಂದು ಕಂಪನಿ ಕೊಂಡಿದೆ. ಬಣ್ಣದಕ್ಕನಿಗೆ ಬಲ್ಬುಗಳನ್ನು ಪೆಟ್ಟಿಗೆಗೆ ತುಂಬುವ ವಿಭಾಗದಲ್ಲಿ ಜಾಗ ಕೊಡುತ್ತಾರಂತೆ. ಹಾಗಾದರೆ ಲೇಸರ್ ಟೀವಿಗೆ ಭವಿಷ್ಯವೇ ಇಲ್ಲವೇ ಎಂದರೆ ಇಂಜಿನಿಯರ್ ಹೇಳುತ್ತಾರೆ: "ಇದೆ. ಗೋಡೆಯಗಲದ ಚಿತ್ರ ಬೇಕು ಅನ್ನೋ ಮನೆಗಳಿಗೆ, ಚಿತ್ರಮಂದಿರಗಳಿಗೆ ಇದು ಬಂದೇ ಬರುತ್ತೆ, ಕೆಲವು ಕಡೆ ಬಂದೂ ಆಗಿದೆ. ಮಗು ಸತ್ತಿಲ್ಲಮ್ಮ. ನಮ್ಮ ಮಡಿಲಲ್ಲಿ ಹುಟ್ಟಲಿಲ್ಲ, ಅಷ್ಟೇ."

ಕೊನೆಯ ಡಬ್ಬವನ್ನು ಪೆಟ್ಟಿಗೆಗೆ ತುಂಬುವ ದಿನ ಗೊತ್ತಾಗಿದೆ. ಹಿಂದಿನ ಸಂಜೆ ಬಣ್ಣದಕ್ಕ ಇಂಜಿನಿಯರ್ ಮುಂದೆ ನಿಂತು, "ಸಾಹೇಬ್ರೇ, ನಾಳೆ ಅಪ್ಪನ್ನ ಕರ್ಕೊಂಡು ಬರ್ಲಾ? ಕಾಣಲ್ಲ. ಆದ್ರೂ ಮಾತು ಕೊಟ್ಟಿದ್ದೆ," ಎಂದು ಕೇಳುತ್ತಾರೆ. ಅವರು, "ಬೀಗ ಬೀಳೋ ಕೋಣೆಗೆ ಇನ್ನೆಂಥ ನಿಯಮ, ಕರ್ಕೊಂಡ್ಬನ್ನಿ," ಎನ್ನುತ್ತಾರೆ.

ಮರುದಿನ ಇನ್ನೂ ನಸುಕು. ತಮ್ಮನ ಅಂಗಡಿಯ ವ್ಯಾನು ಹಿಂದಿನ ಬಾಗಿಲಿಗೆ ಬಂದು ನಿಲ್ಲುತ್ತದೆ. ಮುಂದಿನ ಸೀಟಿನಲ್ಲಿ ಅಪ್ಪ, ಒಗೆದು ಇಸ್ತ್ರಿ ಮಾಡಿದ ಅಂಗಿ, ಮಡಿಲಲ್ಲಿ ಟವೆಲ್ಲು. ತಮ್ಮ ಬಾಗಿಲು ತೆಗೆದು, "ಒಡೆಯೋ ಸಾಮಾನು ಬಂತು, ಹುಷಾರಾಗಿ ಇಳಿಸ್ಕೊಳ್ಳಿ," ಎಂದು ಕಾವಲುಗಾರನಿಗೆ ಕೂಗುತ್ತಾನೆ. "ಸಾಮಾನು ನಿಮ್ಮಪ್ಪ," ಎಂದು ಅಪ್ಪ ಗದರುತ್ತಾರೆ. "ಅದನ್ನೇ ಹೇಳಿದ್ದು," ಎನ್ನುತ್ತಾನೆ ಮಗ.

ಕಪ್ಪು ಕೋಣೆಯಲ್ಲಿ ಕುರ್ಚಿ ಸಿದ್ಧವಾಗಿದೆ. ಡಬ್ಬದ ಮುಚ್ಚಳ ಮುಚ್ಚಿದೆ, ಬೆಳಕು ಹೊರಗೆ ಬರುವ ಕಿಂಡಿ ಮಾತ್ರ ತೆರೆದಿದೆ. ಬಣ್ಣದಕ್ಕ ರಂಗಮಂದಿರದ ಪರದೆಯ ಚೂರನ್ನು ದೊಡ್ಡದಾಗಿ ಫೋಟೋ ಹಿಡಿದು, ತೂಗುಬಿಟ್ಟ ಕೆಂಪು ಬಟ್ಟೆಯಂತೆ ಗೋಡೆ ತುಂಬಾ ಮೂಡಿಸಿದ್ದಾರೆ. ಮಡಿಕೆಗಳ ನೆರಳೂ ಇದೆ, ಮಡಿಕೆಯ ಏರಿನಲ್ಲಿ ಬೆಳಕೂ ಇದೆ. ಜರಡಿ ಸದ್ದಿಲ್ಲದೆ ನಡುಗುತ್ತಿದೆ. ಒಂದು ಕಾಳು ಮರಳಿಲ್ಲ. ನೋಡಿದ ತಮ್ಮ ಅಂಗಡಿ, ಗಿರಾಕಿ, ಬೆಲೆ ಎಲ್ಲ ಮರೆತು, "ಅಕ್ಕಾ..." ಎಂದು ನಿಂತುಬಿಡುತ್ತಾನೆ.

"ಅಪ್ಪ, ಎದುರಿಗೆ ನೋಡು. ಏನಾದ್ರೂ ಗೊತ್ತಾಗುತ್ತಾ?"

ಅಪ್ಪ ಕತ್ತು ಮುಂದೆ ಚಾಚುತ್ತಾರೆ. ಒಂದು ಕಣ್ಣು ಮುಚ್ಚುತ್ತಾರೆ, ಇನ್ನೊಂದು ಮುಚ್ಚುತ್ತಾರೆ. "ಬೆಳಕಿದೆ. ಕೆಂಪು ಬೆಳಕು. ಬಿಸಿಲಿಗೆ ಮುಖ ಮಾಡಿ ಕಣ್ಮುಚ್ಚಿದ್ರೆ ರೆಪ್ಪೆ ಒಳಗೆ ಕಾಣುತ್ತಲ್ಲ, ಹಾಗೆ."

"ಬಟ್ಟೆ?"

"ಬಟ್ಟೆ ಇದೆಯಾ?" ಅಪ್ಪ ಕೇಳುತ್ತಾರೆ. ಮಗಳ ಉಸಿರು ಅವರಿಗೂ ಕೇಳಿಸಿರಬೇಕು. ಕುರ್ಚಿಗೆ ಒರಗಿ, "ಚೆನ್ನಾಗಿದೆ ಪುಟ್ಟಿ. ಬಹಳ ಚೆನ್ನಾಗಿದೆ," ಎನ್ನುತ್ತಾರೆ.

ಬಣ್ಣದಕ್ಕ ತಮ್ಮನ ಕಡೆ ನೋಡುತ್ತಾರೆ. ತಮ್ಮ ನೆಲ ನೋಡುತ್ತಾನೆ. ಹಂಡೆಯ ಮುಂದೆ ಅಪ್ಪ ಯಾರ ಮನಸ್ಸು ಕಾಯುವುದಕ್ಕೂ ಸುಳ್ಳು ಹೇಳಿದವರಲ್ಲ. ಮಗಳು ಅದ್ದಿದ ಮೊದಲ ಕರವಸ್ತ್ರವನ್ನು ನೋಡಿ, ನೆಲ ಒರೆಸೋಕೆ ಆದೀತು ಎಂದವರು. ಅಂಥವರ ಬಾಯಲ್ಲಿ ಚೆನ್ನಾಗಿದೆ ಎನ್ನುವ ಮಾತು ಅಕ್ಕ ತಮ್ಮ ಇಬ್ಬರೂ ಇವತ್ತೇ ಮೊದಲು ಕೇಳುತ್ತಿದ್ದಾರೆ.

"ಹೂಂ ಅಪ್ಪ. ಸಾಕು, ಮನೆಗೆ ಹೋಗೋಣ," ಎಂದು ಬಣ್ಣದಕ್ಕ ಎದ್ದು ಡಬ್ಬದ ಬಳಿ ಹೋಗುತ್ತಾರೆ. ಇಂಜಿನಿಯರ್ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದಾರೆ. ಡಬ್ಬ ಆರಿಸುವುದಕ್ಕೂ ಈ ಕೋಣೆಯಲ್ಲೊಂದು ಕ್ರಮವಿದೆ. ಮೊದಲು ಜರಡಿ ನಿಲ್ಲಿಸಬೇಕು. ಮರಳು ಎದ್ದು ಕಂಡರೆ, ಕೂಡಿಸಿದ ಬೆಳಕು ದಿನದ ಕೆಲಸದಲ್ಲಿ ಎಲ್ಲಾದರೂ ಸರಿದಿದೆಯೋ ಎನ್ನುವುದು ಅದರಲ್ಲೇ ತಿಳಿಯುತ್ತದೆ. ನೋಡಿಕೊಂಡು ಆಮೇಲೆ ಬೆಳಕು ಆರಿಸಬೇಕು. ನಾಳೆ ಈ ಡಬ್ಬವನ್ನು ಇಲ್ಲಿ ಯಾರೂ ಹಚ್ಚುವುದಿಲ್ಲ. ಆದರೂ ಕೈ ಕ್ರಮ ಮರೆಯುವುದಿಲ್ಲ. ಬಣ್ಣದಕ್ಕನ ಬೆರಳು ಜರಡಿಯ ಗುಂಡಿ ಒತ್ತುತ್ತದೆ. ನುಣುಪಾದ ಬಟ್ಟೆಯ ಮೇಲೆ ಮರಳು ಬುಗ್ಗನೆ ಏಳುತ್ತದೆ. ಬೆರಳು ಬೆಳಕಿನ ಗುಂಡಿಗೆ ಸರಿಯುತ್ತದೆ.

"ಏಯ್! ತಡಿ, ತಡಿ! ಆರಿಸ್ಬೇಡ!"

ಕೂಗಿದ್ದು ಅಪ್ಪ. ಕುರ್ಚಿಯಿಂದ ಅರ್ಧ ಎದ್ದಿದ್ದಾರೆ, ಟವೆಲ್ಲು ಕೆಳಗೆ ಬಿದ್ದಿದೆ.

"ಏನಾಯ್ತಪ್ಪ?"

"ಕಾಣ್ತಿದೆ."

"ಏನು ಕಾಣ್ತಿದೆ?"

"ಕಾಳು. ಸಣ್ಣ ಸಣ್ಣದು, ನೂಲಿನ ಗಂಟಿನ ಹಾಗೆ. ಒಂದೊಂದೂ ಬೇರೆಬೇರೆ ಕಾಣ್ತಿದೆ. ಅಯ್ಯೋ, ನಾನೇನು ಸುಳ್ಳು ಹೇಳ್ತೀನಾ? ಬಾ ಇಲ್ಲಿ, ಇಲ್ಲಿ ಕೂತು ನೋಡು, ಸೂಜಿಮೊನೆ ಹಾಗಿದೆ!"

ತಮ್ಮ ಅಕ್ಕನ ಮುಖ ನೋಡುತ್ತಾನೆ, ಅಕ್ಕ ಇಂಜಿನಿಯರ್ ಮುಖ ನೋಡುತ್ತಾರೆ. ಇಂಜಿನಿಯರ್ ಪರದೆಯ ಕಡೆ ಕೈ ತೋರಿಸುತ್ತಾರೆ. "ಆ ಮರಳು ಪರದೆ ಮೇಲೆ ಇರಲ್ಲ ಅಮ್ಮ. ನೋಡೋರ ಕಣ್ಣಿನ ಒಳಪರದೆ ಮೇಲೆ ಮೂಡುತ್ತೆ. ಮುಂದಿನ ಗಾಜು ಸೊಟ್ಟ ಇದ್ರೂ ಅದಕ್ಕೆ ಲೆಕ್ಕ ಇಲ್ಲ, ಕಾಳು ಚೂಪಾಗೇ ಬೀಳುತ್ತೆ. ಓದುವಾಗ ಓದಿದ್ದೆ. ಇಷ್ಟು ವರ್ಷ ಅದನ್ನ ಓಡಿಸೋದೇ ಕೆಲಸ ಆಗಿತ್ತಲ್ಲ, ಇನ್ನೊಂದಕ್ಕೆ ಬರುತ್ತೆ ಅಂತ ಹೊಳೀಲೇ ಇಲ್ಲ."

"ಹಾಗಾದ್ರೆ ಎರಡು ವರ್ಷದಿಂದ..." ಬಣ್ಣದಕ್ಕನ ದನಿ ಇಳಿಯುತ್ತದೆ. "ಎರಡು ವರ್ಷದಿಂದ ಯಾವತ್ತು ಬೇಕಾದ್ರೂ ಜರಡಿ ಒಂದು ಆರಿಸಿದ್ರೆ ಸಾಕಿತ್ತು."

"ಏನದು ಗುಸುಗುಸು?" ಅಪ್ಪನ ದನಿ. "ಸುಮ್ನಿರಿ ಎಲ್ಲಾ. ನೋಡೋಕೆ ಬಿಡಿ."

ಅವರು ಎದ್ದು, ಯಾರ ಕೈಯನ್ನೂ ಹಿಡಿಯದೆ, ಗೋಡೆಯ ಕಡೆ ಹೆಜ್ಜೆ ಹಾಕುತ್ತಾರೆ. ತಮ್ಮ ಹಿಡಿಯಲು ಹೋದರೆ ಅಕ್ಕ ತಡೆಯುತ್ತಾರೆ. ಪರದೆಯಿಂದ ಮಾರು ದೂರದಲ್ಲಿ ಅಪ್ಪ ನಿಲ್ಲುತ್ತಾರೆ. ಬೆನ್ನು ನೆಟ್ಟಗಾಗುತ್ತದೆ. ಮುಖದ ಮೇಲೆಲ್ಲ ಕೆಂಪು ಬೆಳಕು. ಹಂಡೆಯ ಮುಂದೆ ನಿಂತ ಬಣ್ಣಗಾರ ಹೇಗಿರುತ್ತಿದ್ದ ಎನ್ನುವುದು ಅವನನ್ನು ಕಾಣದವರಿಗೂ ಈಗ ಕಾಣುತ್ತದೆ. ಮೇಲಿನಿಂದ ಕೆಳಗೆ ನೋಡುತ್ತಾರೆ, ಅಂಚು ನೋಡುತ್ತಾರೆ, ಮಡಿಕೆ ನೋಡುತ್ತಾರೆ. ಹೆಬ್ಬೆರಳು ತೋರುಬೆರಳ ಮೇಲೆ ನಿಧಾನವಾಗಿ ಉಜ್ಜಾಡುತ್ತಿದೆ.

"ಹಳದಿ ಬಿಟ್ಟಿದೆ," ಎನ್ನುತ್ತಾರೆ. ಮತ್ತೆ ನೋಡಿ, "ಪೂರಾ ಬಿಟ್ಟಿದೆ. ಎಷ್ಟು ಅದ್ದು ಅದ್ದಿದೀಯ ಇದಕ್ಕೆ?"

"ಲೆಕ್ಕ ಇಟ್ಟಿಲ್ಲಪ್ಪ."

"ಇಡಬಾರ್ದು ಕೂಡ."

ಹೊರಗೆ ಹಿಂದಿನ ಬೀದಿಯಲ್ಲಿ ಮೊದಲ ಲಾರಿ ಹೊರಡುವ ಸದ್ದು. ಇನ್ನೇನು ನೆಲ ನಡುಗುತ್ತದೆ, ಬೆಳಕು ಮೂರು ಪಾಲಾಗುತ್ತದೆ. ಬಣ್ಣದಕ್ಕ ಗುಂಡಿಯ ಮೇಲೆ ಬೆರಳಿಟ್ಟೇ ಕಾಯುತ್ತಾರೆ.

ಅಪ್ಪ ತಿರುಗುತ್ತಾರೆ. ಮಗಳು ಅವರಿಗೆ ಕತ್ತಲಲ್ಲಿ ಕತ್ತಲು. ಆದರೂ ಮುಖ ನೇರ ಅವಳ ಕಡೆಗೇ ಇದೆ. "ಬಣ್ಣ ಹಿಡಿದಿದೆ ಪುಟ್ಟಿ. ಇನ್ನು ಅದ್ದಬೇಡ. ಹಂಡೆಯಿಂದ ತೆಗಿ."

"ಹೂಂ ಅಪ್ಪ," ಎಂದು ಬಣ್ಣದಕ್ಕ ಬೆಳಕು ಆರಿಸುತ್ತಾರೆ.